ಆನೆ ಮುಖದ ಹಂಸದಲ್ಲಿ ಬೀಗಿತ್ತಿ

ದೋಣಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಮ್ಮಪ್ಪ ಹರಿಗೋಲಿನಲ್ಲಿ ಜನರನ್ನು ಕಾವೇರಿ ದಾಟಿಸುತ್ತಿದ್ದವನು. ಅಕ್ಷರ ಕಲಿಯುವ ವಯಸ್ಸಿನಲ್ಲಿ ನಾನು ಹುಟ್ಟು ಹಾಕುತ್ತಿದ್ದೆ. ಅದಕ್ಕೇ ಇವತ್ತಿಗೂ ನನ್ನ ಹೆಸರು ಬರೆಯಲು ಕಾಲು ಗಂಟೆ ಬೇಕು.

ಆ ಭಾನುವಾರ ರಾಮಕೃಷ್ಣನಗರದ ನಮ್ಮ ಮನೆಗೆ ಇಲವಾಲದಿಂದ ಗಂಡಿನವರು ಬಂದಿದ್ದರು. ಮೊಮ್ಮಗಳು ರೂಪಾಳ ಸಂಬಂಧ ಗಟ್ಟಿ ಮಾಡಲು ವೀಳ್ಯ ಬದಲಾಯಿಸಬೇಕಿತ್ತು. ನಾಲ್ಕೂವರೆಗೆ ರಾಹುಕಾಲ, ಅದಕ್ಕೆ ಮೊದಲೇ ಮುಗಿಯಬೇಕು. ಇನ್ನು ಮೂರು ದಿನಕ್ಕೆ ಆಷಾಢ, ನಡುವೆ ಬೇರೆ ಒಳ್ಳೆಯ ದಿನವಿಲ್ಲ. ಆ ಒಂದು ತಿಂಗಳಲ್ಲಿ ಅವರ ಕಣ್ಣು ಬೇರೆ ಹುಡುಗಿಯ ಮೇಲೆ ಬೀಳುವುದು ಕಷ್ಟವೇನಲ್ಲ. ಅವರಲ್ಲಿ ವೀಳ್ಯ ಕೊಡುವುದು ಮನೆಯ ಹಿರಿ ಹೆಂಗಸು, ಅಂದರೆ ಗಂಡಿನ ಅಜ್ಜಿ ಚಿಕ್ಕತಾಯಮ್ಮ. ನಮ್ಮ ಕಡೆಯಿಂದ ತೆಗೆದುಕೊಳ್ಳುವವಳು ನಾನು.

ಊಟವಾದ ಮೇಲೆ ಆಕೆ ಸೋಫಾದಲ್ಲಿ ಕೂತು ಆಕಳಿಸತೊಡಗಿದರು. ಬೀಗಿತ್ತಿ ಆಕಳಿಸುವುದು ಒಳ್ಳೆಯ ಲಕ್ಷಣವಲ್ಲ. ಕೆರೆ ತೋರಿಸಿ ಅರ್ಧ ಗಂಟೆಯಲ್ಲಿ ಕರೆತರುತ್ತೇನೆ ಎಂದೆ. ಸೊಸೆ ಕಣ್ಣಲ್ಲೇ ಬೇಡವೆಂದಳು. ನಾನು ಆಟೋ ನಿಲ್ಲಿಸಿದೆ.

ಕೆರೆಯ ಬಾಡಿಗೆ ದೋಣಿಗಳಲ್ಲಿ ಉಳಿದಿದ್ದದ್ದು ಒಂದೇ. ಮೈ ಹಂಸದ್ದು, ರೆಕ್ಕೆ ಹಂಸದ್ದು, ಬಾಲ ಹಂಸದ್ದು. ಮುಖ ಮಾತ್ರ ಆನೆಯದು! ಹಂಸದ ಕತ್ತು ಮುರಿದುಹೋದದ್ದಕ್ಕೆ, ದಸರಾ ಮೆರವಣಿಗೆಯ ಯಾವುದೋ ಹಳೇ ಬೊಂಬೆಯ ತಲೆ ತಂದು ಕೂರಿಸಿದ್ದರಂತೆ. ಸೊಂಡಿಲಿಗೆ ಬಣ್ಣ ಹೊಡೆದವನು ಕಣ್ಣು ಬರೆಯುವುದನ್ನು ಮರೆತಿದ್ದ. ಅದು ಎತ್ತ ಹೋಗಬೇಕೆಂದು ಅದಕ್ಕೇ ಗೊತ್ತಿರಲಿಲ್ಲ.

ಟಿಕೆಟ್ ಕೊಡುವ ದಪ್ಪ ಮೀಸೆಯವನನ್ನು ಕೇಳಿದೆ, "ಹುಟ್ಟು ಎಲ್ಲಪ್ಪ?"

"ಮೈಸೂರೇ ಕಣಜ್ಜಿ. ದೊಡ್ಡಾಸ್ಪತ್ರೇಲಿ."

ದೋಣಿ ಕಾಯುವವನಿಗೆ ಹುಟ್ಟು ಎಂದರೆ ಏನೆಂದು ಗೊತ್ತಿಲ್ಲ! ಇವನ ಬಳಿ ಇನ್ನೇನು ಕೇಳುವುದೆಂದು ಸುಮ್ಮನೆ ಹತ್ತಿದೆ. ಕಾಲಲ್ಲಿ ತುಳಿಯಿರಿ, ಹಿಡಿ ತಿರುಗಿಸಿರಿ ಎಂದು ಅವನು ಹಿಂದಿನಿಂದ ಏನೇನೋ ಕೂಗುತ್ತಿದ್ದ. ಹರಿಗೋಲಿನವನ ಮಗಳಿಗೆ ಹೇಳಿಕೊಡುತ್ತಾನೆ!

ಅವನ ಮಾತು ಕೇಳಿ ಚಿಕ್ಕತಾಯಮ್ಮ ತುಳಿದರು. ನಡು ಕೆರೆಗೆ ಬಂದಾಗ ನೋಡಿದೆ. ನಮ್ಮಿಬ್ಬರ ನಡುವೆ ಒಂದು ಕಬ್ಬಿಣದ ಹಿಡಿ ನೆಟ್ಟಗೆ ನಿಂತಿತ್ತು. ಓಹೋ, ಹುಟ್ಟನ್ನು ಇಲ್ಲಿ ಸಿಕ್ಕಿಸಿಟ್ಟಿದ್ದಾರೆ ಎಂದುಕೊಂಡೆ. ಬಿಗಿಯಾಗಿತ್ತು. ಸೀಟಿಗೆ ಕಾಲು ಕೊಟ್ಟು ಜಗ್ಗಿದೆ. ಕಿತ್ತು ಬಂತು. ಮೊಳದುದ್ದವೂ ಇರಲಿಲ್ಲ. ಆದರೂ ಬಿಡದೆ ಬಗ್ಗಿ ನೀರಿಗೆ ಹಾಕಿದೆ.

ದೋಣಿ ಸುತ್ತತೊಡಗಿತು. ಹರಿಗೋಲು ಸುತ್ತುವುದು ಸಹಜ, ಆಮೇಲೆ ಸರಿಹೋಗುತ್ತದೆ ಎಂದು ಧೈರ್ಯ ಹೇಳಿದೆ. ಚಿಕ್ಕತಾಯಮ್ಮ ಸೊಂಡಿಲನ್ನು ತಬ್ಬಿಕೊಂಡಿದ್ದರು.

"ಇದು ಹರಿಗೋಲಲ್ಲ ಕಣವ್ವ, ಬೀಸೋ ಕಲ್ಲು" ಅಂದರು.

ಅಷ್ಟರಲ್ಲಿ ಸೊಸೆಯ ಫೋನು. ನಾಲ್ಕು ಗಂಟೆಯಾಯಿತು, ತಟ್ಟೆ ಜೋಡಿಸಿ ಎಲ್ಲರೂ ಕಾಯುತ್ತಿದ್ದಾರೆ ಎಂದಳು.

"ಎಲ್ಲಿದ್ದೀರಾ ಅತ್ತೆ?"

"ಆನೆ ಹಿಂದೆ, ಹಂಸದೊಳಗೆ."

ಅವಳು ಫೋನನ್ನು ನನ್ನ ಮಗನಿಗೆ ಕೊಟ್ಟಳು. ಅವನು ಅಮ್ಮನಿಗೆ ಬಿಸಿಲು ಹತ್ತಿದೆ ಎಂದು ಯಾರಿಗೋ ಹೇಳುವುದು ಕೇಳಿಸಿತು.

ದಡದಲ್ಲಿ ಮೀಸೆಯವನು ಕೈ ಬೀಸುತ್ತಿದ್ದ. ಒಂದೊಂದು ಸುತ್ತಿಗೂ ಒಮ್ಮೆ ಕಾಣುತ್ತಿದ್ದ. ನಮ್ಮನ್ನು ಎಳೆದು ತರಲು ಬೇರೆ ದೋಣಿ ಹಿಂದಿರುಗಬೇಕಿತ್ತು. ನಾಲ್ಕೂ ಇಪ್ಪತ್ತಾಯಿತು. ರೂಪಾಳ ಮದುವೆ ನನ್ನ ಕೈಯಲ್ಲೇ ನೀರುಪಾಲಾಯಿತು ಎಂದುಕೊಂಡೆ. ಹಿಡಿಯನ್ನು ಮಡಿಲಿಗೆ ಹಾಕಿಕೊಂಡೆ.

ಚಿಕ್ಕತಾಯಮ್ಮ ಒಂದು ಕೈಯಲ್ಲಿ ಸೊಂಡಿಲು ಹಿಡಿದು, ಇನ್ನೊಂದರಲ್ಲಿ ಸೊಂಟದ ಎಲೆಅಡಿಕೆ ಚೀಲ ಬಿಚ್ಚಿದರು. ಎರಡು ಎಲೆ, ಒಂದು ಅಡಿಕೆ ತೆಗೆದು ನನ್ನ ಕಡೆ ಚಾಚಿದರು.

"ಇಡ್ಕೊಳಿ. ರಾಹುಕಾಲ ಬಂದ್ಬುಡ್ತದೆ. ಹುಡುಗಿ ನಮ್ಮೋಳು."

ತೆಗೆದುಕೊಂಡೆ. ಮೂರು ಸುತ್ತಿನಲ್ಲಿ ವೀಳ್ಯ ಮುಗಿಯಿತು.

ಎಳೆದು ತಂದ ಮೇಲೆ ಮೀಸೆಯವನು ಹಿಡಿ ಕಿತ್ತದ್ದಕ್ಕೆ ಬಾಯಿಗೆ ಬಂದಂತೆ ಬೈದ. ಅದು ದೋಣಿ ತಿರುಗಿಸುವ ಹಿಡಿಯಂತೆ. ಹಾಗೆಂದು ಅದರ ಮೇಲೆ ಬರೆದೂ ಇತ್ತಂತೆ. ಇದ್ದರೆ ಇರಲಿ.

ಮನೆಯಲ್ಲಿ ಚಿಕ್ಕತಾಯಮ್ಮ ಎಲ್ಲರೆದುರು ಸಂಬಂಧ ಒಪ್ಪಿಗೆ ಎಂದರು. ಹುಡುಗಿ ಒಳ್ಳೆಯವಳು, ಮನೆತನವೂ ಒಳ್ಳೆಯದು, ಅಜ್ಜಿಗೆ ಮಾತ್ರ ಮದುವೆಯಲ್ಲಿ ಯಾವ ಕೆಲಸವನ್ನೂ ವಹಿಸಬೇಡಿ ಎಂದೂ ಸೇರಿಸಿದರು. ನಮ್ಮವರೆಲ್ಲ ಎಷ್ಟು ಬೇಗ ತಲೆಯಾಡಿಸಿದರೆಂದರೆ, ಈ ಮಾತಿಗಾಗಿಯೇ ವರ್ಷಗಳಿಂದ ಕಾದಿದ್ದರು ಅನ್ನಿಸಿತು.

ಮದುವೆಯ ದಿನ ಛತ್ರದಲ್ಲಿ ನನಗೊಂದು ಕುರ್ಚಿ ಹಾಕಿದ್ದರು. ಗೋಡೆಗೆ ಒತ್ತಿ, ಮುಂದೆ ಮೇಜು ಅಡ್ಡ ಇಟ್ಟು.