ತೂಕ ತಿಳಿಯದ ಐದು ವಾರ

ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಸಿಕ್ಕಿಬಿದ್ದವರು ಬಹಳ ಮಂದಿ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಎಂದು ಹೇಳಿ ಕೆಟ್ಟವನು ಬಹುಶಃ ನಾನೊಬ್ಬನೇ. ಅರವತ್ತರ ದಶಕದಲ್ಲಿ ಹೊಸನಗರದ ಒಂದು ಹೈಸ್ಕೂಲಿಗೆ ಚರಿತ್ರೆಯ ಮೇಷ್ಟ್ರಾಗಿ ಸೇರಿದೆ. ಸೇರಿದ ವರ್ಷವೇ ವಿಜ್ಞಾನದ ಮೇಷ್ಟ್ರಿಗೆ ವರ್ಗವಾಯಿತು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಹೆಡ್‌ಮಾಸ್ಟರು ಎಂಟನೇ ತರಗತಿಯ ವಿಜ್ಞಾನವನ್ನು ನನ್ನ ತಲೆಗೆ ಕಟ್ಟಿದರು. ಕೆಳದಿಯ ಅರಸರನ್ನು ಒಬ್ಬರೂ ತಪ್ಪದಂತೆ ಒಪ್ಪಿಸಬಲ್ಲ ನಾನು, 'ದ್ರವ್ಯರಾಶಿ ಬೇರೆ, ತೂಕ ಬೇರೆ' ಎಂಬ ಪಾಠದೆದುರು ಕೈಚೆಲ್ಲಿ ಕೂತೆ. ಒಂದು ಕಿಲೋ ಬೆಲ್ಲ ಎಂದರೆ ಒಂದು ಕಿಲೋ ಬೆಲ್ಲ. ಅದರೊಳಗೆ ಎರಡು ಸಂಗತಿ ಎಲ್ಲಿಂದ ಬಂದವು?

ನನ್ನ ಪಾಡು ನೋಡಲಾರದೆ ಗಣಿತದ ಕುಮುದಾ ಟೀಚರ್, ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಹೇಳಿಕೊಡಲು ಒಪ್ಪಿದರು. ತೀರ್ಥಹಳ್ಳಿಯವರು, ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರು. ಮೇಜಿನ ಮೇಲೆ ಒಂದು ತಕ್ಕಡಿ, ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಸೌತೆಕಾಯಿ.

"ಈ ಕಾಯೀಲಿ ಎಷ್ಟು ದ್ರವ್ಯ ಇದೆಯೋ ಅದು ದ್ರವ್ಯರಾಶಿ. ಭೂಮಿ ಅದನ್ನ ಎಷ್ಟು ಬಲದಿಂದ ಎಳೀತದೋ ಅದು ತೂಕ. ಚಂದ್ರನಲ್ಲಿಗೆ ತಗೊಂಡು ಹೋದ್ರೆ ಕಾಯಿ ಅಷ್ಟೇ ಇರ್ತದೆ, ಎಳೆಯೋದು ಕಡಿಮೆ ಆಗ್ತದೆ. ತಿಳೀತಾ ಮೇಷ್ಟ್ರೆ?"

"ಹಂಗಾದ್ರೆ ತಕ್ಕಡೀಲಿ ಕಡಿಮೆ ತೋರಿಸ್ತದಾ ಟೀಚರ್?"

"ಇಲ್ಲ. ಕಾಯಿ ಕಡೆನೂ ಎಳೆತ ಕಡಿಮೆ, ತೂಕದ ಕಲ್ಲಿನ ಕಡೆನೂ ಕಡಿಮೆ. ಅದಕ್ಕೇ ಸಮ ನಿಲ್ತದೆ. ಸ್ಪ್ರಿಂಗಿಗೆ ಆಚೆ ಕಡೆ ಕಲ್ಲು ಇಲ್ವಲ್ಲ, ಅದು ಕಡಿಮೆ ತೋರಿಸ್ತದೆ."

ಇದು ಮೂರನೇ ದಿನದ ಮಾತು. ಎಲ್ಲವೂ ಅರ್ಥವಾಗಿಹೋಯಿತು. ಹಾಗೆಂದು ಹೇಳಿ ಎದ್ದು ಬರಬೇಕಿತ್ತು. ಆದರೆ ಅವರ ಹುಬ್ಬಿಗೆ ಸೀಮೆಸುಣ್ಣದ ಪುಡಿ ಹತ್ತಿತ್ತು. ನನ್ನ ಉತ್ತರಕ್ಕಾಗಿ ಕಣ್ಣೆತ್ತಿ ಕಾಯುತ್ತಿದ್ದರು. "ಇಲ್ಲ ಟೀಚರ್, ಇನ್ನೂ ತಿಳೀಲಿಲ್ಲ" ಎಂದುಬಿಟ್ಟೆ. ಅಲ್ಲಿಂದ ಐದು ವಾರ ನನಗೆ ಏನೂ ತಿಳಿಯಲಿಲ್ಲ. ಸುಲಭದ ಕೆಲಸವೆಂದು ಭಾವಿಸಬೇಡಿ. ದಿನಕ್ಕೊಂದು ಹೊಸ ದಡ್ಡ ಪ್ರಶ್ನೆ ಬೇಕು. ನಿನ್ನೆಯದಕ್ಕಿಂತ ತೀರಾ ದಡ್ಡವಾದರೆ ಅನುಮಾನ, ಜಾಣವಾದರೆ ಅಪಾಯ. ಭಾನುವಾರಗಳಂತೂ ಕಳೆಯುತ್ತಲೇ ಇರಲಿಲ್ಲ. ಬೀಗ ಹಾಕಿದ ಶಾಲೆಯ ಮುಂದೆ ಸುಮ್ಮನೆ ಎರಡು ಸಲ ನಡೆದುಹೋಗಿ ಬರುತ್ತಿದ್ದೆ.

ಆಮೇಲೊಂದು ದಿನ ತೀರ್ಥಹಳ್ಳಿಯಿಂದ ಅವರ ಅಣ್ಣ ಬಂದು ಹೋದರು. ಮರುದಿನ ಹೆಡ್‌ಮಾಸ್ಟರು ನನ್ನನ್ನು ಕರೆದು ಬಾಗಿಲು ಮುಂದೆ ಮಾಡಿದರು.

"ತಂಗಿಗೆ ಗಂಡು ಹುಡುಕ್ತಾ ಇದಾರೆ. ನಿಮ್ಮ ಹೆಸರು ನಾನೇ ಎತ್ತಿದೆ ಮಾರಾಯ್ರೆ. ಅಣ್ಣಂಗೆ ಒಪ್ಪಿಗೆ ಇತ್ತು. ಆದ್ರೆ ಆ ಹುಡುಗಿ ಎಂತ ಅಂದ್ಲು ಗೊತ್ತಾ? ಮನುಷ್ಯ ಒಳ್ಳೆಯವರೇ, ಆದ್ರೆ ಐದು ವಾರದಿಂದ ಒಂದು ಸೌತೆಕಾಯಿ ವಿಷಯ ತಲೆಗೆ ಹೋಗ್ಲಿಲ್ಲ, ಜೀವಮಾನ ಎಲ್ಲ ಹೇಳಿದ್ದನ್ನೇ ಹೇಳ್ತಾ ಕೂರಕ್ಕೆ ನಂಗಾಗಲ್ಲ, ಅಂದ್ಲು."

ಅಂದು ಸಂಜೆ ಎಲ್ಲವನ್ನೂ ಬಾಯಿಬಿಡುವುದೆಂದು ನಿಶ್ಚಯಿಸಿ ಹೋದೆ. ಕುಮುದಾ ಟೀಚರ್ ಎಂದಿನಂತೆ ಕಾಯಿ ಕೈಗೆತ್ತಿಕೊಂಡರು. "ಬೇಡ ಟೀಚರ್, ತಿಳಿದಿದೆ" ಎಂದು, ಭೂಮಿಯಿಂದ ಚಂದ್ರನವರೆಗೆ ಒಂದೂ ತಪ್ಪದೆ ಒಪ್ಪಿಸಿದೆ. ಅವರ ಮುಖ ಅರಳಿತು.

"ಯಾವಾಗ ತಿಳೀತು ಮೇಷ್ಟ್ರೆ?"

ಮೂರನೇ ದಿನವೇ ಎನ್ನಬೇಕಿತ್ತು. ಹಾಗೆಂದರೆ ಉಳಿದ ದಿನಗಳೆಲ್ಲ ಯಾಕೆ ಬಂದಿರಿ ಎಂದು ಕೇಳುತ್ತಿದ್ದರು. ಆ ಪ್ರಶ್ನೆಗೆ ಉತ್ತರ ಹೇಳಲೆಂದೇ ನಾನು ಬಂದದ್ದು. ಆದರೆ "ಈಗ... ಈಗ ತಾನೇ" ಎಂದುಬಿಟ್ಟೆ.

"ಸದ್ಯ, ನನ್ನ ಶ್ರಮ ಸಾರ್ಥಕ ಆಯ್ತು," ಎಂದು ನಿಜವಾದ ಸಂತೋಷದಿಂದ ಹೇಳಿದರು. "ಹಂಗಾದ್ರೆ ನಾಳೆಯಿಂದ ಬರೋದು ಬೇಡ."

ಮುಂದಿನ ಬೇಸಿಗೆಯಲ್ಲಿ ಅವರು ಮದುವೆಯಾಗಿ ಸಾಗರಕ್ಕೆ ವರ್ಗ ಮಾಡಿಸಿಕೊಂಡು ಹೋದರು. ಆಮೇಲೆ ವಿಜ್ಞಾನದ ಮೇಷ್ಟ್ರು ಬಂದರೂ ಆ ಒಂದು ಪಾಠವನ್ನು ನಾನು ಯಾರಿಗೂ ಬಿಟ್ಟುಕೊಡಲಿಲ್ಲ. ಕುಮುದಾ ಟೀಚರ್ ಹೇಳಿದ ಮಾತುಗಳಲ್ಲೇ ಹೇಳುತ್ತಿದ್ದೆ. ಹೇಳುವಾಗ ಅವರ ದನಿ ನನಗೊಬ್ಬನಿಗೆ ಕೇಳುತ್ತಿತ್ತು. ತರಗತಿಯಲ್ಲಿ ಯಾರಾದರೂ ನಾಲ್ಕನೇ ಸಲವೂ "ತಿಳೀಲಿಲ್ಲ ಸಾರ್" ಎಂದರೆ ಒಂದು ಕ್ಷಣ ಅನುಮಾನ ಬರುತ್ತಿತ್ತು. ಆದರೆ ನೋಡುತ್ತ ಕೂರುವಂಥ ಮುಖ ನನ್ನದಲ್ಲ ಎಂದು ನನಗೆ ಗೊತ್ತಿತ್ತು. ಪಾಪ, ನಿಜವಾಗಿಯೂ ತಿಳಿದಿರಲಿಕ್ಕಿಲ್ಲ ಎಂದು ಇನ್ನೊಮ್ಮೆ ಹೇಳಿಕೊಡುತ್ತಿದ್ದೆ.