ನಿಂಗಪ್ಪನವರ ಎಂಜಿನ್ನಿಗೆ ನಾನು ಬಣ್ಣ ಹೊಡೆದದ್ದು

ಕೆಲವರಿಗೆ ನಶ್ಯದ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ತಿದ್ದುವ ಚಟ. ಉಳಿದ ಚಟಗಳಿಗೆ ಊರಿನವರು ಬಯ್ಯುತ್ತಾರೆ, ಬಯ್ಗುಳಕ್ಕೆ ಹೆದರಿಯಾದರೂ ಮನುಷ್ಯ ಒಂದು ದಿನ ಬಿಡುತ್ತಾನೆ. ತಿದ್ದುವವನಿಗೆ ಮಾತ್ರ ಎಲ್ಲೆಡೆ ಮರ್ಯಾದೆ. ನಾನು ದಾವಣಗೆರೆಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ವಿದ್ಯಾರ್ಥಿ ಒಂದು ಮಾವಿನಹಣ್ಣು ಬರೆದು ತಂದರೆ ಪೆನ್ಸಿಲು ತೆಗೆದುಕೊಂಡು ತಿದ್ದುತ್ತೇನೆ. ನಾನು ಮುಗಿಸುವ ಹೊತ್ತಿಗೆ ಅದರಲ್ಲಿ ಅವನದು ಎಂದು ಉಳಿಯುವುದು ಕೆಳಗೆ ಬರೆದುಕೊಂಡ ಹೆಸರು ಮಾತ್ರ. ಬೇರೆಯವರ ಮನೆಗೆ ಹೋದರೂ ಗೋಡೆಯ ಕ್ಯಾಲೆಂಡರು ನೆಟ್ಟಗೆ ಮಾಡದೆ ಕೂರಲಾರೆ. ಹತ್ತಿರದ ನೆಂಟರ ಮದುವೆಯೊಂದರಲ್ಲಿ ಧಾರೆಯ ಸಮಯಕ್ಕೆ ಸರಿಯಾಗಿ ವರನ ಬಾಸಿಂಗ ಓರೆಯಾಗಿದೆಯೆಂದು ಕೈ ಹಾಕಿದ್ದಕ್ಕೆ, ಐನೋರು ಮಂತ್ರ ನಿಲ್ಲಿಸಿ ನನ್ನನ್ನು ನೋಡುವಂತಾಯಿತು. ಆ ಮನೆಯವರು ಮುಂದಿನ ಮದುವೆಗೆ ಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದರು, ಅದೂ ಮದುವೆ ಮುಗಿದ ಮೇಲೆ ತಲುಪುವ ಹಾಗೆ.

ಈ ಚಟ ರೈಲು ಹತ್ತಿದ್ದು ಮಂಡಿಪೇಟೆಯಲ್ಲಿ. ಕಾಳುಕಡಿ ಅಂಗಡಿಗಳ ಹಿಂದಿನ ಓಣಿಯಲ್ಲಿ ಹಳೇ ಸಾಮಾನಿನ ಅಂಗಡಿಯೊಂದಿತ್ತು. ಗಾಜು ಒಡೆದ ಲಾಟೀನುಗಳು, ಗ್ರಾಮಫೋನಿನ ಕೊಳವೆ, ಒಂಟಿ ಬೂಟುಗಳ ನಡುವೆ ಒಂದು ದಿನ ಗೇಣುದ್ದದ ರೈಲು ಎಂಜಿನ್ನು ಕಣ್ಣಿಗೆ ಬಿತ್ತು. ತಗಡಿನದು, ಕೀಲಿ ಕೊಟ್ಟರೆ ಓಡುವಂಥದು. ಸ್ವಾತಂತ್ರ್ಯ ಬಂದಾಗ ಊರು ಬಿಟ್ಟ ಯಾರೋ ಬಿಳಿಯ ದೊರೆಯ ಮಕ್ಕಳು ಬಿಟ್ಟುಹೋದದ್ದಿರಬೇಕು. ಒಂದು ಚಕ್ರವಿರಲಿಲ್ಲ, ಬಣ್ಣವೆಲ್ಲ ಕಜ್ಜಿಯಂತೆ ಎದ್ದಿತ್ತು. ಇಷ್ಟು ತಿದ್ದಬೇಕಾದ ವಸ್ತುವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಎದೆಗವಚಿಕೊಂಡು ಮನೆಗೆ ತಂದೆ. ಆ ಮೇಲೆ ಇನ್ನೊಂದು, ಮತ್ತೊಂದು. ಮೂರು ವರ್ಷದಲ್ಲಿ ಏಳು ಎಂಜಿನ್ನುಗಳು ನಮ್ಮ ಮನೆ ಸೇರಿದವು. ಓಡಿಸಲು ಹಳಿ ಮಾತ್ರ ಮೂರು ಅಡಿ. ಹೊರಟ ಗಾಡಿ ಹೊರಟ ಹೊತ್ತಿಗೇ ತಲುಪಿಬಿಡುತ್ತಿತ್ತು.

ಕೆಲಸವೇನೂ ಹಗುರವಲ್ಲ. ಮೊದಲು ಎಂಜಿನ್ನನ್ನು ಬಿಚ್ಚಿ, ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಬೇಕು. ಹಳೆಯ ಬಣ್ಣವನ್ನು ಬ್ಲೇಡಿನಿಂದ ಕೆರೆದು, ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿ, ತಗಡು ಬೆಳ್ಳಗಾಗುವವರೆಗೆ ಉಜ್ಜಬೇಕು. ನೆಗ್ಗುಗಳನ್ನು ಒಳಗಿನಿಂದ ಮರದ ಸುತ್ತಿಗೆಯಲ್ಲಿ ತಟ್ಟಿ ಎಬ್ಬಿಸಬೇಕು. ಬಿಟ್ಟುಕೊಂಡ ಕಡೆ ಬೆಸುಗೆ ಹಾಕುವುದಕ್ಕೆ ಮಂಡಿಪೇಟೆಯಲ್ಲಿ ತಗಡಿನ ಕೆಲಸ ಮಾಡುವ ಬಾಷಾ ಸಾಹೇಬರಿದ್ದರು. ಆಮೇಲೆ ಎರಡು ಕೈ ಬಣ್ಣ, ಒಣಗಿದ ಮೇಲೆ ಅಳಿಲಿನ ಕೂದಲ ಬ್ರಷ್ಷಿನಿಂದ ಉಸಿರು ಬಿಗಿಹಿಡಿದು ಹಳದಿ ಗೆರೆ. ಒಣಗುವಾಗ ಧೂಳು ಕೂರಬಾರದೆಂದು ಬೋರಲು ಹಾಕಿದ ಪಾತ್ರೆಯ ಕೆಳಗೆ ಇಡುತ್ತಿದ್ದೆ. ನನ್ನ ಹೆಂಡತಿ ಗಿರಿಜೆ ಅನ್ನ ಬಸಿಯಲು ಪಾತ್ರೆ ಎತ್ತಿದಾಗ ಕೆಳಗೆ ಹಸಿರು ಎಂಜಿನ್ನು ಕುಳಿತಿರುತ್ತಿತ್ತು. ಅವಳು ತಾಳ್ಮೆಯ ಹೆಂಗಸು. ನಮ್ಮ ಸಾರು ಸೀಮೆಎಣ್ಣೆ ನಾರುತ್ತಿದ್ದ ಒಂದು ಅಮಾವಾಸ್ಯೆಯ ದಿನ ಮಾತ್ರ, "ಇವತ್ತು ನೀವೇ ಬಡಿಸ್ಕೊಳ್ರಿ" ಎಂದು ತವರಿಗೆ ಹೋಗಿಬಂದಳು.

ಹೀಗೆ ನನ್ನ ಹೆಸರು ಹರಿಹರದವರೆಗೆ ಹಬ್ಬಿತು. ಒಂದು ಭಾನುವಾರ ಬೆಳಿಗ್ಗೆ ಪ್ಯಾಸೆಂಜರ್ ಗಾಡಿಯಿಂದ ಇಳಿದು, ಮನೆ ಹುಡುಕಿಕೊಂಡು ಒಬ್ಬರು ಬಂದರು. ನಿಂಗಪ್ಪ ಎಂದು, ರಿಟೈರಾದ ರೈಲು ಡ್ರೈವರು. ಉದ್ದನೆಯ ಆಳು, ಬೆಂಕಿಯ ಮುಂದೆ ನಿಂತು ನಿಂತು ಮುಖ ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ಬಂದಿತ್ತು. ಹರಿಹರದ ಸ್ಟೇಷನ್ ಬಳಿ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಮಕ್ಕಳಿರಲಿಲ್ಲ, ಹೆಂಡತಿ ಹಿಂದಿನ ವರ್ಷ ತೀರಿಕೊಂಡಿದ್ದರು. ಟವೆಲ್ಲಿನಲ್ಲಿ ಸುತ್ತಿದ್ದ ಎಂಜಿನ್ನನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದಿಟ್ಟರು.

"ಕೀಲಿ ಹಿಡಿಯವಲ್ದು ಮೇಷ್ಟ್ರೆ. ಓಡಂಗ ಮಾಡಿಕೊಡ್ರಿ, ಸಾಕು. ಬ್ಯಾರೆ ಏನೂ ಬ್ಯಾಡ" ಎಂದರು.

"ಅದರ ಚಿಂತೆ ಬಿಡ್ರಿ" ಎಂದೆ ನಾನು. ಅವರು ಹೇಳಿದ್ದರಲ್ಲಿ ಮೊದಲನೆಯ ಮಾತು ಕಿವಿಗೆ ಬಿದ್ದಿತ್ತು. ಕೊನೆಯದು ಬೀಳುವ ಹೊತ್ತಿಗೆ ನನ್ನ ಮನಸ್ಸು ಬ್ಲೇಡು ಹುಡುಕುತ್ತಿತ್ತು.

ಕೀಲಿಯ ಕೆಲಸ ಅರ್ಧ ಗಂಟೆಯದು. ಸ್ಪ್ರಿಂಗಿನ ತುದಿ ಕೊಂಡಿಯಿಂದ ಕಳಚಿತ್ತು, ಸಿಕ್ಕಿಸಿದೆ, ಓಡಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಆದರೆ ಎಂಜಿನ್ನಿನ ಮೂತಿಯ ಮೇಲೆ ಹಪ್ಪಳದಷ್ಟು ದಪ್ಪಕ್ಕೆ ಕರ್ರಗೆ ಕಿಟ್ಟ ಕಟ್ಟಿತ್ತು. ಅದನ್ನು ನೋಡಿಯೂ ಹಾಗೆಯೇ ಹಿಂದಿರುಗಿಸಿದರೆ ನಾಳೆ ಜನ ಏನಂದಾರು? ಮಂಡಿಪೇಟೆಗೆ ಒಯ್ದು ತೋರಿಸಿದಾಗ ಬಾಷಾ ಸಾಹೇಬರು ಮಾತ್ರ ಬೆಸುಗೆಯ ಕಡ್ಡಿ ಕೆಳಗಿಟ್ಟು, "ಮಾಲಕ್ರು ಓಡ್ಸು ಅಂದಾರ, ಓಡ್ಸೀರಿ. ಕೇಳ್ದೆ ಮೂತಿ ಯಾಕ ಮುಟ್ತೀರಿ?" ಎಂದರು. ಕಲೆಯ ವಿಷಯ ಸಾಹೇಬರಿಗೇನು ಗೊತ್ತು ಎಂದುಕೊಂಡು ಎಂಜಿನ್ನನ್ನು ಮನೆಗೆ ತಂದೆ.

ಕಿಟ್ಟವನ್ನು ಕೆರೆಯುತ್ತ ಹೋದಂತೆ ನನಗೊಂದು ಅದ್ಭುತ ಕಂಡಿತು. ಎಣ್ಣೆಜಿಡ್ಡಿನ ಕೆಳಗೆ ಒಂದು ಬೂದು ಪದರ, ಅದರಡಿ ಕೆಂಪು, ಅದರಡಿ ಮತ್ತೆ ಬೂದು, ಮತ್ತೆ ಕೆಂಪು. ನಾನು ಗಿರಿಜೆಯನ್ನು ಕರೆದು ಗಂಭೀರವಾಗಿ ಪಾಠ ಮಾಡಿದೆ. "ನೋಡು, ಸೀಮೆಯ ಇಂಗ್ಲಿಷರ ಕೆಲಸ ಅಂದರೆ ಇದು. ಒಂದು ಕೈ ಕೆಂಪು, ಒಂದು ಕೈ ಬೂದು, ಹೀಗೆ ಇಪ್ಪತ್ತು ಮೂವತ್ತು ಕೈ ಹೊಡೆದಿದ್ದಾರೆ. ಅದಕ್ಕೇ ಅವರ ಸಾಮಾನು ತುಕ್ಕು ಹಿಡಿಯೋದಿಲ್ಲ."

ಅವಳು ಬಗ್ಗಿ ನೋಡಿದಳು. "ಸೀಮೆಯವ್ರು ಮೂತಿಗಷ್ಟೇ ಯಾಕ ಹೊಡದ್ರು? ನನಗ್ಯಾಕೋ ಇದು ನಮ್ಮ ದೇವರ ಗೂಡಿನ ಬಣ್ಣ ಅನ್ನಿಸ್ತೈತೆ" ಎಂದಳು.

ನಾನು ನಕ್ಕೆ. ಆ ನಗುವನ್ನು ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ. ಉಳಿದದ್ದನ್ನು ಸೋಡಾ ನೀರಿನಲ್ಲಿ ಕರಗಿಸಿ ಬಚ್ಚಲಿಗೆ ಚೆಲ್ಲಿದೆ. ಸೀಮೆಯವರಿಗೆ ಮರ್ಯಾದೆಯಾಗಿ ನಾನೂ ಒಂದು ಕೈ ಕೆಂಪು, ಒಂದು ಕೈ ಬೂದು ಬಳಿದು, ಮೇಲೆ ಗಿಳಿಹಸಿರು ಹೊಡೆದು, ಮೂರು ಸಂಜೆ ಕೂತು ಹಳದಿ ಗೆರೆ ಎಳೆದೆ. ಅಷ್ಟು ಚೆಂದದ ಎಂಜಿನ್ನನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ.

ಮುಂದಿನ ಭಾನುವಾರ ಹರಿಹರಕ್ಕೆ ಹೋದೆ. ನಿಂಗಪ್ಪನವರು ಬಾಗಿಲಲ್ಲೇ ಕಾಯುತ್ತಿದ್ದರು. "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದರು. ನಾನು ಮದುಮಗಳ ಸೆರಗು ಸರಿಸುವ ಹಾಗೆ ಟವೆಲ್ಲು ತೆಗೆದೆ. ಅವರು ಕನ್ನಡಕ ಹಾಕಿಕೊಂಡು ಎಂಜಿನ್ನನ್ನು ಎತ್ತಿದರು, ತಿರುಗಿಸಿದರು, ಮೂತಿಯ ಮೇಲೆ ಹೆಬ್ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು.

"ಇದರ ಮ್ಯಾಲೆ ಇದ್ದಿದ್ದು?"

"ಎಲ್ಲಾ ತೆಗೆದುಬಿಟ್ಟೆ" ಎಂದೆ. "ಬಹಳ ಗಟ್ಟಿ ಇತ್ತು, ಎರಡು ದಿನ ಹಿಡೀತು. ಒಂದು ಚೂರೂ ಬಿಟ್ಟಿಲ್ಲ."

ಅವರು ಎಂಜಿನ್ನನ್ನು ಚಾಪೆಯ ಮೇಲಿಟ್ಟರು. ಒಳಗೆ ಹೋಗಿ ಸ್ಟವ್ ಹಚ್ಚಿ ಚಹಾ ಮಾಡಿ ತಂದರು. ನಾನು ಹೊಗಳಿಕೆಗಾಗಿ ಕಾಯುತ್ತ ಕುಳಿತಿದ್ದೆ. ಚಹಾ ಅರ್ಧ ಮುಗಿದ ಮೇಲೆ ಮಾತಾಡಿದರು.

"ಆಯುಧಪೂಜಿ ದಿನ ನಾನು ಒಂದು ವರ್ಷಾನೂ ಮನ್ಯಾಗ ಇರಲಿಲ್ರಿ. ಹಬ್ಬ ಅಂದ್ರ ಗಾಡಿ ತುಂಬಿ ಬರೋವು, ರಜಾ ಎಲ್ಲಿ ಕೊಡ್ತಾರ? ನಮ್ಮ ಗಂಗಮ್ಮಗ ಅದೇ ಕೊರಗು. ಎಲ್ಲಾರ ಹೆಂಡರೂ ಗಂಡನ ಗಾಡಿಗೆ, ತಕ್ಕಡಿಗೆ ಪೂಜಿ ಮಾಡ್ತಾರ, ನಿನ್ನ ಎಂಜಿನ್ನಿಗೆ ನಾನು ಹೆಂಗೆ ಮಾಡ್ಲಿ, ಶೆಡ್ಡಿಗೆ ಹೆಂಗಸ್ರನ್ನ ಬಿಡಾಂಗಿಲ್ಲಲ್ಲ ಅಂತಿದ್ಲು. ಆಗ ಶೆಡ್ಡಿನ ದೊರಿ ಊರು ಬಿಡೋವಾಗ ಇದನ್ನ ಕೊಟ್ಟು ಹೋದ. ತಂದು ಅಕಿ ಕೈಗೆ ಕೊಟ್ಟೆ. ಅವತ್ತಿನಿಂದ ಪ್ರತಿ ವರ್ಷ ಮೂತಿಗೆ ವಿಭೂತಿ, ಕುಂಕುಮ. ಹಳೇದು ಒರೆಸಿ ಹಚ್ಚು ಅಂದ್ರ, ಯಾಕ ಒರೆಸ್ಲಿ, ಹೋದ ವರ್ಷ ನೀನು ಸುಖವಾಗಿ ಮನಿಗೆ ಬಂದಿದ್ದು ಅದರಾಗ ಐತೆ ಅಂತಿದ್ಲು. ಅದರ ಮ್ಯಾಲೇ ಹಚ್ತಿದ್ಲು."

ನನ್ನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು. ಅದನ್ನು ಕುಡಿಯಬೇಕೋ ಇಡಬೇಕೋ ತಿಳಿಯಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದವನ ಕಥೆ ನಾವೆಲ್ಲ ಹೇಳಿ ನಗುತ್ತೇವೆ. ನಾನು ಅದಕ್ಕಿಂತ ಮುಂದೆ ಹೋಗಿ, ಒಬ್ಬ ಹೆಂಗಸು ವರ್ಷಕ್ಕೊಂದರಂತೆ ಕೂಡಿಟ್ಟ ನಿಶ್ಚಿಂತೆಯನ್ನೆಲ್ಲ ಎರಡು ದಿನದಲ್ಲಿ ಬಚ್ಚಲಿಗೆ ಚೆಲ್ಲಿದ್ದೆ. "ತಪ್ಪಾಯಿತು" ಎಂದೆ. ನನ್ನ ವೃತ್ತಿಯಲ್ಲಿ ನಾನು ಆ ಮಾತನ್ನು ಬಳಸಿದ್ದು ಕಡಿಮೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೀಲಿ ಕೊಟ್ಟು ಎಂಜಿನ್ನನ್ನು ನೆಲಕ್ಕೆ ಬಿಟ್ಟರು, ಅದು ಗೋಡೆಯವರೆಗೆ ಓಡಿತು. "ಚಲೋ ಓಡ್ತೈತ್ರಿ" ಎಂದು, ನಾನು ಎದ್ದಾಗ ಸ್ಟೇಷನ್ನಿನವರೆಗೆ ಬಂದು ಗಾಡಿ ಹತ್ತಿಸಿದರು.

ಮನೆಗೆ ಬಂದು ಗಿರಿಜೆಗೆ ಎಲ್ಲ ಹೇಳಿದೆ. ನಾನೇ ಹೇಳಿದ್ದೆನಲ್ಲ ಎಂದಾಳೆಂದು ಕಾದೆ. ಅವಳು ಕಣ್ಣೊರೆಸಿಕೊಂಡು ಒಳಗೆ ಹೋದಳು. ಒಂದು ತಿಂಗಳು ನಾನು ಬ್ರಷ್ಷು ಮುಟ್ಟಲಿಲ್ಲ. ತರಗತಿಯಲ್ಲಿ ಬದನೆಕಾಯಿಯಂಥ ಮಾವಿನಹಣ್ಣುಗಳಿಗೂ "ಚೆನ್ನಾಗಿದೆ" ಎಂದು ಬರೆದು ಕಳಿಸಿದೆ.

ಮಹಾನವಮಿಗೆ ನಾಲ್ಕು ದಿನವಿರುವಾಗ ಹರಿಹರದಿಂದ ಕಾರ್ಡು ಬಂತು. ಪೂಜೆಗೆ ಬರಬೇಕು, ಮನೆಯವರನ್ನೂ ಕರೆತರಬೇಕು ಎಂದಷ್ಟೇ ಇತ್ತು. ಹೋದೆವು. ನಿಂಗಪ್ಪನವರು ಮಣೆಯ ಮೇಲೆ ಎಂಜಿನ್ನನ್ನು ಇಟ್ಟು, ಚಕ್ರದ ಮುಂದೆ ನಿಂಬೆಹಣ್ಣು ಇಟ್ಟಿದ್ದರು. ವಿಭೂತಿ, ಕುಂಕುಮದ ಬಟ್ಟಲನ್ನು ಗಿರಿಜೆಯ ಮುಂದೆ ಸರಿಸಿ, "ನೀನ ಹಚ್ಚು ತಂಗಿ. ನನಗ ಬರಾಂಗಿಲ್ಲ, ಕೈ ನಡುಗ್ತಾವ" ಎಂದರು.

ಗಿರಿಜೆ ಸೆರಗು ಹೊದ್ದು, ವಿಭೂತಿಯನ್ನು ನೀರಿನಲ್ಲಿ ಕಲಸಿ, ಮೂರು ಬೆರಳಿನಿಂದ ಮೂತಿಗೆ ಹಚ್ಚಿದಳು. ನೀರು ಹೆಚ್ಚಾಗಿತ್ತೋ ಏನೋ, ಅದು ಗಿಳಿಹಸಿರಿನ ಮೇಲೆ ಇಳಿದು ಬಂತು. ಕುಂಕುಮ ಇಟ್ಟಳು, ಅದೂ ಇಳಿಯಿತು, ನಾನು ಮೂರು ಸಂಜೆ ಉಸಿರು ಬಿಗಿಹಿಡಿದು ಎಳೆದ ಹಳದಿ ಗೆರೆಯ ಮೇಲೆ ಸರಿಯಾಗಿ ನಿಂತಿತು. ನಾನು ಕಣ್ಣು ಮುಚ್ಚಿ ಕೈ ಮುಗಿದಿದ್ದೆ ಎಂದು ಪ್ರಮಾಣ ಮಾಡಿ ಹೇಳಬಲ್ಲೆ. ಕಣ್ಣು ತೆರೆದಾಗ ಮಾತ್ರ ನನ್ನ ಬಲಗೈಯಲ್ಲಿ ಕರವಸ್ತ್ರವಿತ್ತು, ಕೈ ಎಂಜಿನ್ನಿನ ಹತ್ತಿರವಿತ್ತು, ನಿಂಗಪ್ಪನವರು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು.

"ಬ್ರೇಕ್ ಹಾಕ್ರಿ ಮೇಷ್ಟ್ರೆ" ಎಂದರು.

ಅವರು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ನಗುತ್ತಲೇ ಕಣ್ಣು ತುಂಬಿಕೊಂಡರು. ಆಮೇಲೆ ಎಂಜಿನ್ನಿನ ಮೂತಿಯನ್ನು ನೋಡಿ, "ಒಂದು ಪದರ ಆತು. ಮದ್ಲಿನಷ್ಟು ಆಗ್ಬೇಕಂದ್ರ ಇನ್ನೂ ಭಾಳ ವರ್ಷ ಬೇಕು. ವರ್ಷಾ ವರ್ಷಾ ಬರ್ರಿ ಇಬ್ರೂ. ನಾನಿರ್ಲಿ ಬಿಡ್ಲಿ, ಹಚ್ಚೋದು ತಪ್ಪಿಸ್ಬ್ಯಾಡ್ರಿ" ಎಂದರು.

"ಬರ್ತೀವಿ" ಎಂದಳು ಗಿರಿಜೆ. ನಾನೂ ತಲೆಯಾಡಿಸಿದೆ. ಇನ್ನು ಬದುಕಿರುವವರೆಗೆ ಯಾವುದನ್ನೂ ತಿದ್ದಲು ಹೋಗುವುದಿಲ್ಲವೆಂದು ಆ ಮಣೆಯ ಮುಂದೆಯೇ ಮನಸ್ಸಿನಲ್ಲಿ ಆಣೆ ಇಟ್ಟುಕೊಂಡೆ. ಆಮೇಲೆ ಹೊರಡಲು ಎದ್ದು ಹೊಸಿಲಿಗೆ ಬಂದವನು, ಬರುವ ವರ್ಷ ಕುಂಕುಮವನ್ನು ಒಂದು ಕಾಳಿನಷ್ಟು ಎಡಕ್ಕೆ ಇಟ್ಟರೆ ಗೆರೆಯೂ ಉಳಿಯುತ್ತದಲ್ಲ ಎಂದು ಗಿರಿಜೆಗೆ ಹೇಳಲು ಬಾಯಿ ತೆರೆದೆ. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಮುಚ್ಚಿ ಚಪ್ಪಲಿ ಮೆಟ್ಟಿಕೊಂಡೆ.