ಗಿಳಿ ಅಲ್ಲರಿ, ಟಪಾಲು

ಗುರಿ ತಪ್ಪಿಸುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಅಥಣಿ ತಾಲೂಕಿನಲ್ಲೇ ಇರಲಿಲ್ಲ. ಇದು ಚೇಷ್ಟೆಯ ಮಾತಲ್ಲ. ಎಂಬತ್ತರ ದಶಕದ ಕೊನೆಗೆ ಸತ್ತಿ ಊರಿನ ಹೊಲದಲ್ಲಿ ದ್ರಾಕ್ಷಿ ಹಚ್ಚಿದಾಗ ಗಿಳಿಗಳ ಕಾಟ ಶುರುವಾಯಿತು. ಓಡಿಸಲೇಬೇಕು, ಆದರೆ ನಮ್ಮದು ಜೈನರ ಮನೆ, ತಾಗಿಸುವಂತಿಲ್ಲ. ಹೀಗಾಗಿ ಕಾಕಾ ಕವಣೆಗೆ ಕಲ್ಲಿನ ಬದಲು ಹಸಿ ಮಣ್ಣಿನ ಉಂಡೆ ಇಟ್ಟು, ಗಿಳಿಯಿಂದ ಒಂದು ಗೇಣು ಆಚೆಗೆ ಬೀಸುವುದನ್ನು ಸಾಧಿಸಿದ.

ತೊಂದರೆ ಇದ್ದದ್ದು ಗಿಳಿ ಯಾವುದು ಎಂಬುದರಲ್ಲಿ. ಕಣ್ಣೇನೋ ಚುರುಕಾಗಿದ್ದವು. ಆದರೆ ಬೆಳಗಿನಿಂದ ಗಿಳಿಗಾಗಿಯೇ ಕಾದು ಕೂತವನಿಗೆ ಹಸಿರಾಗಿ ಅಲುಗಿದ್ದೆಲ್ಲ ಗಿಳಿಯೇ! ತೋಟವೇ ಹಸಿರಲ್ಲವೇ ಎಂದು ಕೇಳಿದರೆ, ಎಲೆಯ ಹಸಿರು ಬೇರೆ, ಗಿಳಿಯ ಹಸಿರು ಬೇರೆ ಎನ್ನುತ್ತಿದ್ದ. ಮಿರಜದಿಂದ ಹಣ್ಣು ನೋಡಲು ಬಂದ ವ್ಯಾಪಾರಿಯೊಬ್ಬ ಹಸಿರು ಟೊಪ್ಪಿಗೆ ಹಾಕಿಕೊಂಡಿದ್ದ. ಕಾಕಾ ಟೊಪ್ಪಿಗೆಯಿಂದ ಗೇಣು ಬಿಟ್ಟೇ ಬೀಸಿದ. ಗೇಣಿನಾಚೆ ವ್ಯಾಪಾರಿಯ ಹೆಗಲಿತ್ತು.

"ನಾ ನಿಮಗ ಗಿಳಿಗತೆ ಕಾಣ್ತೀನೇನ್ರಿ?"

"ನೀವಲ್ಲರಿ, ನಿಮ್ಮ ಟೊಪಗಿ."

ಅಂದು ಸಂಜೆ ಕಾಕಿ ತಾಕೀತು ಮಾಡಿದಳು: ಬಣ್ಣ ನಂಬಬೇಡಿ, ಕೂಗು ಕೇಳಿದ ಮೇಲೆ ಬೀಸಿ. ಕಾಕಾ ಒಪ್ಪಿದ. ಆ ವಾರವೇ ಟಪಾಲಿನವನ ಸೈಕಲ್ ಬ್ರೇಕು ಬಳ್ಳಿಯ ಮರೆಯಲ್ಲಿ ಕಿರ್ರೆಂದಿತು. ಉಂಡೆ ಹೋಗಿ ಟಪಾಲು ಚೀಲಕ್ಕೆ ಬಡಿಯಿತು. ಅಲ್ಲಿಂದ ಮುಂದೆ ಆತ ಹಾದಿಯ ತಿರುವಿನಲ್ಲೇ ಇಳಿದು, "ಕಾಕಾ, ಗಿಳಿ ಅಲ್ಲರಿ, ಟಪಾಲು!" ಎಂದು ಕೂಗಿಯೇ ಒಳಗೆ ಬರುತ್ತಿದ್ದ.

ಮರುವರ್ಷ ಕಾಕಾ ಎರಡನ್ನೂ ಕೂಡಿಸಿದ. ಹಸಿರೂ ಕಾಣಬೇಕು, ಕೂಗೂ ಕೇಳಬೇಕು. ಒಂದು ಮುಂಜಾನೆ ಎರಡೂ ಆದವು. ಈ ಸಲ ನಿಜವಾದ ಗಿಳಿಯೇ. ಕಾಕಾ ಎಂದಿನಂತೆ ಪಕ್ಕಕ್ಕೆ ಬೀಸಿದ. ಗಿಳಿಯೂ ಅದೇ ಪಕ್ಕಕ್ಕೆ ಹಾರಿತು.

ಬಿದ್ದ ಗಿಳಿಯನ್ನು ಧೋತರದ ಚುಂಗಿನಲ್ಲಿ ಸುತ್ತಿಕೊಂಡು ಕಾಕಾ ಅಥಣಿಯ ದನದ ಡಾಕ್ಟರರ ಬಳಿಗೆ ಓಡಿದ. ಅವರು ರೆಕ್ಕೆಗೆ ಪಟ್ಟಿ ಕಟ್ಟಿ, ಬದುಕಿದರೆ ಬದುಕೀತು ಎಂದರಂತೆ. ಬದುಕಿತು; ಸುಗ್ಗಿ ಮುಗಿಯುವ ಹೊತ್ತಿಗೆ ಹಾರಿಯೂ ಹೋಯಿತು. ಆದರೆ ನನಗೆ ನೆನಪಿರುವುದು ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ. ಕಾಕಾ ಬಳ್ಳಿಯ ನೆರಳಲ್ಲಿ ಗಿಳಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅವನ ತಲೆಯ ಮೇಲೆಯೇ ಉಳಿದ ಗಿಳಿಗಳು ಗೊನೆ ಹರಿಯುತ್ತಿದ್ದವು. ಬುತ್ತಿ ತಂದ ಕಾಕಿ ಅದನ್ನು ಕಂಡು ದನಿ ಏರಿಸಿದಳು.

"ಎಲ್ಲಾ ತಿಂದು ಹೋಗಾಕತ್ತಾವ, ನೀವು ಸುಮ್ಮನ ಕುಂತೀರಿ?"

"ಸಣ್ಣಗ ಮಾತಾಡ," ಎಂದ ಕಾಕಾ. "ಈಗಷ್ಟ ನಿದ್ದಿ ಹತ್ತೇತಿ."

ಕಾಕಿ ಬುತ್ತಿ ಕೆಳಗಿಟ್ಟಳು. ಬಿಸಿಲು ತಿರುಗಿ ಕಾಕಾನ ಮಡಿಲಿಗೆ ಬೀಳತೊಡಗಿತ್ತು. ಆಕೆ ಒಂದು ಹೆಜ್ಜೆ ಸರಿದು, ಬಿಸಿಲಿಗೆ ಅಡ್ಡವಾಗಿ ನಿಂತಳು.